ಸಿಂಹದ ಬಾಯಿಯ ಗುಲಾಬಿ

ಇಳಕಲ್ಲಿನ ವಿಜಯಮಹಾಂತೇಶರು ಹೊಸ ಮನೆಯ ಪಡಸಾಲೆಯ ಛಾವಣಿಗೆ ಪರ್ಷಿಯಾದ ಅರಮನೆಯಲ್ಲಿರುವಂಥ ಚಿತ್ತಾರ ಬೇಕೆಂದು ಬಾದಾಮಿಯ ಕಲಾವಿದೆ ಜಯಶ್ರೀಯನ್ನು ಕರೆಸಿದ್ದರು. ಬಳ್ಳಿ, ಗುಲಾಬಿ, ನವಿಲುಗಳ ನಡುವೆ ಸಿಂಹವೊಂದು ಜಿಂಕೆಯ ಕುತ್ತಿಗೆಗೆ ಬಾಯಿ ಹಾಕಿತ್ತು. ಅವರು ಮೊಬೈಲಿನಲ್ಲಿ ತೋರಿಸಿದ ಮಾದರಿಯಲ್ಲಿ ಹಾಗೇ ಇತ್ತು.

ಚಿತ್ರ ಮುಗಿದ ದಿನ ಅವರ ತಾಯಿ ಸಿದ್ದಲಿಂಗವ್ವ ಕೆಳಗೆ ಚಾಪೆ ಹಾಸಿಕೊಂಡು ಅಂಗಾತ ಮಲಗಿ ನೋಡಿದರು.

“ಲಿಂಗ ಕಟ್ಟಿದವರ ಮನ್ಯಾಗ ಇದು ನಡ್ಯಾಂಗಿಲ್ಲ, ಯವ್ವಾ. ಅದರ ಬಾಯಿ ಬಿಡಸು.”

ಜಯಶ್ರೀ ಅಟ್ಟಣಿಗೆ ಹತ್ತಿ, ಗಾಯ ಅಳಿಸಿ, ಸಿಂಹದ ಬಾಯಿಗೆ ಗುಲಾಬಿ ಇಟ್ಟಳು.

“ಜಿಂಕಿ ಇನ್ನೂ ಅಂಜೇತಿ. ಕಣ್ಣ ನೋಡು.”

ಜಯಶ್ರೀ ಜಿಂಕೆಯ ಕಣ್ಣು ಮುಚ್ಚಿಸಿದಳು.

“ಈಗ ಸತ್ತೇಬಿಡ್ತಲ್ಲ!”

ಜಯಶ್ರೀಗೆ ಸಿಟ್ಟು ಬಂತು. ಇಳಿದು ಬಂದವಳೇ ಮುದುಕಿಯ ಪಕ್ಕದಲ್ಲಿ ತಾನೂ ಮಲಗಿ ನೋಡಿದಳು. ಜಿಂಕೆ ನಿಜವಾಗಿಯೂ ಸತ್ತಂತೆಯೇ ಕಾಣುತ್ತಿತ್ತು. ಸಿಟ್ಟು ಹೋಗಿ ನಗು ಬಂತು. ಮತ್ತೆ ಹತ್ತಿ ಅದರ ಕಣ್ಣು ತೆರೆಸಿ, ಮೂತಿಯನ್ನು ಗುಲಾಬಿಯತ್ತ ತಿರುಗಿಸಿ, ಬಾಯಿಗೊಂದು ಎಸಳು ಕೊಟ್ಟಳು.

“ಹಾಂ, ಈಗ ಛಲೋ ಆತು. ಆದ್ರ ಸಿಂಹಕ್ಕ ಉಣ್ಣಾಕ ಏನೈತಿ?”

“ಅದೂ ಹೂವು ತಿನ್ಲಿ ಬಿಡ್ರಿ, ಅಜ್ಜಿ.”

ಸಂಜೆ ವಿಜಯಮಹಾಂತೇಶರು ಬಂದಾಗ ಸಿಂಹ, ಜಿಂಕೆ ಎರಡೂ ಒಂದೇ ಗುಲಾಬಿ ತಿನ್ನುತ್ತಿದ್ದವು. ಅವರು ಮೊಬೈಲನ್ನೂ ಛಾವಣಿಯನ್ನೂ ಸಾಕಷ್ಟು ಹೊತ್ತು ನೋಡಿದರು.

“ಪರ್ಷಿಯಾದಾಗ ಹಿಂಗ ಇರಲಿಲ್ಲಲ್ರಿ, ಮೇಡಮ್ಮರ?”

ಜಯಶ್ರೀ ಬಾಯಿ ತೆರೆಯುವ ಮೊದಲೇ ಸಿದ್ದಲಿಂಗವ್ವ ಹೇಳಿದರು: “ಅಲ್ಲೆ ನಾ ಇರಲಿಲ್ಲ.”

ಜಯಶ್ರೀ ಕುಂಚ ತೊಳೆಯಲು ಹಿತ್ತಿಲಿಗೆ ಹೋದಳು.