ನಲವತ್ತೆಂಟನೇ ನಂಬರಿನ ಇಬ್ಬರು

"ಗ್ರೆಶಮ್ ಎಲ್ಲಿ?" ಎಂದು ಫ್ರಾನ್ ಡಿಲೂಕ ಕೇಳಿದಾಗ ಲೆನ್ ಪಿಸ್ಕೋರ್‌ನ ಬಾಯಲ್ಲಿ ಸ್ಯಾಂಡ್‌ವಿಚ್ಚಿನ ತುತ್ತಿತ್ತು.

"ಹೋದನಲ್ಲ," ಎಂದ, ನುಂಗಿಕೊಂಡು. "ಬೆಳಿಗ್ಗೆ ಒಂಬತ್ತೂವರೆಗೇ ಕಳಿಸ್ದೆ. ಪಾಪ, ಒಂದು ಮಾತೂ ಆಡ್ಲಿಲ್ಲ."

ಫ್ರಾನ್ ಆಂಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್. ಹನ್ನೊಂದು ವರ್ಷದಿಂದ ಲೆನ್‌ನ ಎದುರು ಕೋಣೆಯಲ್ಲೇ ಕೂರುವವಳು. ಅವಳು ಬಾಗಿಲ ಚೌಕಟ್ಟಿಗೆ ಕೈಯೂರಿದಳು.

"ಮೀಟಿಂಗಲ್ಲಿ ಅವನಿಗೋಸ್ಕರ ಕಾಯ್ತಾ ಕೂತಿದಾರೆ. ನಿನ್ನ ಚೀಟಿಯಲ್ಲಿ ಏನಂತ ಇದೆ, ಲೆನ್?"

"ನಲವತ್ತೆಂಟು."

"ಯಾವ ನಲವತ್ತೆಂಟು?"

ಲೆನ್ ಸ್ಯಾಂಡ್‌ವಿಚ್ಚನ್ನು ಮೇಜಿನ ಮೇಲಿಟ್ಟ. ಅದು ತಟ್ಟೆಯ ಹೊರಗೆ ಬಿದ್ದದ್ದು ಅವನಿಗೆ ಕಾಣಲಿಲ್ಲ.

ಆಗಸ್ಟಿನ ಶಿಬಿರದಲ್ಲಿ ತೊಂಬತ್ತು ಆಟಗಾರರಿರುತ್ತಾರೆ. ಅಷ್ಟು ಜನಕ್ಕೆ ನಂಬರುಗಳು ಸಾಲದೆ, ದಾಳಿಯ ಪಡೆಯ ಒಬ್ಬನಿಗೂ ರಕ್ಷಣೆಯ ಪಡೆಯ ಒಬ್ಬನಿಗೂ ಒಂದೇ ನಂಬರು ಕೊಡುವುದುಂಟು. ತಿಂಗಳ ಕೊನೆಯ ಮಂಗಳವಾರ ಸಂಜೆ ನಾಲ್ಕರೊಳಗೆ ಐವತ್ತಮೂರು ಜನರ ಪಟ್ಟಿ ಲೀಗಿಗೆ ಹೋಗಬೇಕು. ಉಳಿದ ಮೂವತ್ತೇಳು ಜನರಿಗೆ ಸುದ್ದಿ ಮುಟ್ಟಿಸುವುದು ಹತ್ತೊಂಬತ್ತು ವರ್ಷಗಳಿಂದ ಲೆನ್‌ನ ಕೆಲಸ. ಹುಡುಗರು ಅವನನ್ನು ಯಮ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದರು.

ಅವನಿಗೊಂದು ಅಭ್ಯಾಸವಿತ್ತು. 1989ರಲ್ಲಿ ಅವನೂ ಇದೇ ತಂಡಕ್ಕೆ ಮೂರು ಪಂದ್ಯ ಆಡಿದ್ದ. ಅದಿರು ಹಡಗುಕಟ್ಟೆಯ ಕೂಲಿಗಳು ಜಲ್ಲಿಕಲ್ಲಿನ ಬಯಲಿನಲ್ಲಿ ಕಟ್ಟಿದ ತಂಡ ಅದು. 1921ರ ಆ ಕೂಲಿಗಳಿಂದ ಹಿಡಿದು ಕಳೆದ ಚಳಿಗಾಲದವರವರೆಗೆ, ಒಂದೇ ಒಂದು ಪಂದ್ಯ ಆಡಿದವರ ಹೆಸರನ್ನೂ ಬಿಡದೆ ಪೋರ್ಟ್ ಕೆಲ್ಲರಿನ ಕ್ರೀಡಾಂಗಣದ ಓಣಿಯ ಗೋಡೆಗೆ ಬರೆದಿದ್ದಾರೆ. ಲೆನ್‌ನ ಹೆಸರೂ ಅಲ್ಲಿದೆ. ಆದರೆ ನಾಲ್ಕನೇ ವಾರ ಅಂದಿನ ಯಮ ಡ್ರೆಸ್ಸಿಂಗ್ ಕೋಣೆಯ ನಡುವೆ ನಿಂತು "ಲೆನರ್ಡ್ ಪಿಸ್ಕೋರ್!" ಎಂದು ಪೂರ್ತಿ ಹೆಸರು ಹಿಡಿದು ಕೂಗಿದ್ದ. ಎಲ್ಲರೂ ತಮ್ಮ ಶೂ ನೋಡಿಕೊಂಡಿದ್ದರು. ಹಾಗಾಗಿ ಲೆನ್ ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. ಫ್ರಾನ್ ಕೊಟ್ಟ ಪಟ್ಟಿಯಿಂದ ನಂಬರುಗಳನ್ನಷ್ಟೇ ಒಂದು ಚೀಟಿಗೆ ಇಳಿಸಿಕೊಂಡು, ಆ ನಂಬರಿನ ಕಪಾಟಿನ ಪಕ್ಕ ಹೋಗಿ ನಿಂತು, ಮೆಲ್ಲಗೆ ಅನ್ನುತ್ತಿದ್ದ: "ಕೋಚ್ ಕರೀತಿದಾರೆ. ಪುಸ್ತಕ ತಗೊಂಡು ಬಾ." ಆ ಪುಸ್ತಕದಲ್ಲಿದ್ದ ಆಟದ ತಂತ್ರಗಳೆಲ್ಲ ಟ್ಯಾಬ್ಲೆಟ್ಟಿಗೆ ಹೋಗಿ ವರ್ಷಗಳಾಗಿದ್ದವು. ಅವನ ಮಾತು ಬದಲಾಗಿರಲಿಲ್ಲ.

ಇವತ್ತು ಅವನು ಒಳಹೊಕ್ಕಿದ್ದು ರಕ್ಷಣೆಯವರ ಕಡೆಯ ಬಾಗಿಲಿನಿಂದ. ಮೊದಲು ಕಂಡ ನಲವತ್ತೆಂಟು ಅಮಾರಿ ಗ್ರೆಶಮ್. ಕಂಬದ ಆಚೆ ಇನ್ನೊಬ್ಬ ನಲವತ್ತೆಂಟು, ಕೋಲ್ಬಿ ರುಡಿನ್. ಹೋಗಬೇಕಾಗಿದ್ದವನು ಅವನು.

"ಗ್ರೆಶಮ್ ಐವತ್ತಮೂರರಲ್ಲಿ ಇದಾನೆ," ಎಂದಳು ಫ್ರಾನ್. "ಯಾವ ಕಾಲೇಜಿನವನು ಅಂತ ಯಾರಿಗೂ ಗೊತ್ತಿಲ್ಲದ ಹುಡುಗ. ಅವನಿಗಾಗಿ ನಾನು ಕೋಚ್ ಜೊತೆ ಎರಡು ದಿನ ಜಗಳ ಆಡಿದೀನಿ. ಹೋಗಿ ಕರ್ಕೊಂಡು ಬಾ. ಕಾಲು ಹಿಡಿದಾದ್ರೂ ಕರ್ಕೊಂಡು ಬಾ."

ಆಗ ಲೆನ್‌ನ ಮೇಜಿನ ಫೋನು ಹೊಡೆದುಕೊಂಡಿತು. ತಂಡದ ಡಾಕ್ಟರ್ ಲಿಂಡ್‌ಗ್ರೆನ್.

"ಲೆನ್, ನೀನು ಬೆಳಿಗ್ಗೆ ಕಳಿಸಿದ ಗ್ರೆಶಮ್ ಫೋನ್ ಎತ್ತುತ್ತಿಲ್ಲ. ನಿನ್ನ ಕೈಗೆ ಸಿಗ್ತಾನಾ?"

"ಯಾಕೆ?"

"ಹೋಗೋ ಮುಂಚಿನ ತಪಾಸಣೆಯಲ್ಲಿ ಬಾಯಿ ಬಿಟ್ಟ. ಮೂರು ವಾರದಿಂದ ಎಡಗೈಯ ಎರಡು ಬೆರಳಿಗೆ ಏನೂ ಗೊತ್ತಾಗ್ತಿಲ್ಲವಂತೆ. ಇಷ್ಟು ದಿನ ಮುಚ್ಚಿಟ್ಟಿದ್ದ. ಕತ್ತಿನ ಸ್ಕ್ಯಾನ್ ಈಗ ಬಂತು. ಬೆನ್ನುಹುರಿ ಹಾಯೋ ಜಾಗ ತುಂಬಾ ಕಿರಿದಾಗಿದೆ. ನೆಟ್ಟಗೆ ಇನ್ನೊಂದು ಢಿಕ್ಕಿ ಬಿದ್ದಿದ್ರೆ ಕತ್ತಿನ ಕೆಳಗೆ ಏನೂ ಅಲ್ಲಾಡದೇ ಹೋಗಬಹುದಿತ್ತು. ಅವನು ಇನ್ನು ಆಡೋ ಹಾಗಿಲ್ಲ. ಯಾರ ಪರವಾಗಿಯೂ."

ಲೆನ್ ಫೋನನ್ನು ಕಿವಿಯಿಂದ ತೆಗೆದರೂ ಕೆಳಗಿಡಲಿಲ್ಲ. ಲಿಂಡ್‌ಗ್ರೆನ್‌ಳ ಮಾತು ಫ್ರಾನ್‌ಗೂ ಕೇಳಿಸಿತ್ತು. ಅವಳು ಕುರ್ಚಿ ಎಳೆದುಕೊಳ್ಳಲು ಹೋಗಿ, ಮರೆತು, ನಿಂತೇ ಇದ್ದಳು.

"ಅವನಿದ್ದಿದ್ರೆ ಇವತ್ತು ಮಧ್ಯಾಹ್ನ ಪೂರ್ತಿ ಪ್ಯಾಡ್ ಹಾಕ್ಕೊಂಡು ಢಿಕ್ಕಿ ಹೊಡೆಯೋ ಪ್ರಾಕ್ಟೀಸಿಗೆ ಇಳೀತಿದ್ದ," ಎಂದಳು ಕೊನೆಗೆ. ಗಡಿಯಾರ ನೋಡಿದಳು. ಎರಡೂಮುಕ್ಕಾಲು. "ಪಟ್ಟಿಯಲ್ಲಿ ಅವನ ಹೆಸರು ಇರಲಿ. ನಾಳೆ ಗಾಯಾಳುಗಳ ಪಟ್ಟಿಗೆ ಹಾಕೋಣ, ಸಂಬಳ, ಚಿಕಿತ್ಸೆ ಸಿಗುತ್ತೆ. ಇವತ್ತು ಅವನು ನಮ್ಮವನೇ."

ರುಡಿನ್ ಊಟದ ಕೋಣೆಯಲ್ಲಿ ಎರಡನೇ ಬಟ್ಟಲು ಐಸ್‌ಕ್ರೀಮ್ ತಿನ್ನುತ್ತಿದ್ದ. "ಏನ್ ಯಮಣ್ಣ, ಇನ್ನೂ ಹೊಟ್ಟೆ ತುಂಬ್ಲಿಲ್ವಾ? ಅಂಗಡಿ ಮುಚ್ಚಿದೀಯ ಅಂದ್ಕೊಂಡಿದ್ದೆ!" ಎಂದು ಚಮಚ ಎತ್ತಿ ನಕ್ಕ.

"ಕೋಲ್ಬಿ ರುಡಿನ್," ಎಂದ ಲೆನ್.

ನಗು ಹುಡುಗನ ಮುಖದಲ್ಲಿ ಇದ್ದ ಹಾಗೇ ನಿಂತಿತು. ಸುತ್ತಲಿನ ಮೇಜುಗಳಲ್ಲಿ ಚಮಚದ ಸದ್ದು ಅಡಗಿತು.

"ತಂಡದಲ್ಲಿ ಉಳ್ಕೊಂಡೆ ಅಂತ ಅಮ್ಮನಿಗೆ ಹೇಳ್ಬಿಟ್ಟೆ," ಎಂದ ರುಡಿನ್. "ಹನ್ನೆರಡು ಗಂಟೆಗೇ ಹೇಳ್ಬಿಟ್ಟೆ."

ಗ್ರೆಶಮ್ ಸಿಕ್ಕಿದ್ದು ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ. ತನ್ನ ಹಳೆಯ ಕಾರಿನ ಡಿಕ್ಕಿಗೆ ಪೆಟ್ಟಿಗೆ ತುರುಕುತ್ತಿದ್ದ. ಅಲಬಾಮಾದ ತನ್ನ ಊರಿಗೆ ಹದಿನಾಲ್ಕು ಗಂಟೆಯ ದಾರಿ. ಲೆನ್‌ನನ್ನು ಕಂಡು ಟೋಪಿ ತೆಗೆದ.

"ಏನ್ ಸರ್, ಟವೆಲ್ ಏನಾದ್ರೂ ತಂದ್ಬಿಟ್ನಾ? ಲೆಕ್ಕ ಮಾಡಿ ಕೊಟ್ಟಿದೀನಿ."

ಯಾವುದನ್ನು ಮೊದಲು ಹೇಳುವುದೆಂದು ಲೆನ್ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. ಕತ್ತಿನ ವಿಷಯ ಮೊದಲು ಎಂದು ತೀರ್ಮಾನವನ್ನೂ ಮಾಡಿದ್ದ. ಬಾಯಿಗೆ ಬಂದದ್ದು ಬೇರೆ.

"ನಾನು ತಪ್ಪು ಮಾಡ್ದೆ, ಮಗನೇ. ಕರೀಬೇಕಾಗಿದ್ದಿದ್ದು ಇನ್ನೊಬ್ಬ ನಲವತ್ತೆಂಟನ್ನ. ನೀನು ತಂಡದಲ್ಲಿ ಇದೀಯ."

ಗ್ರೆಶಮ್ ನಕ್ಕ, ಯಾರೋ ತಮಾಷೆ ಮಾಡಿದಾಗ ನಗುವಂತೆ. ಆಮೇಲೆ ಲೆನ್‌ನ ಮುಖ ನೋಡಿದ. ಡಿಕ್ಕಿಯ ಅಂಚಿನ ಮೇಲೆ ಕೂತ.

"ಇನ್ನೊಂದ್ಸಲ ಹೇಳಿ."

"ಐವತ್ತಮೂರರಲ್ಲಿ ನಿನ್ನ ಹೆಸರಿದೆ."

"ಇನ್ನೊಂದ್ಸಲ."

ಅದರ ಬದಲು ಲೆನ್ ಡಾಕ್ಟರ್ ಅಂದದ್ದನ್ನು ಹೇಳಿದ, ಅವಳದೇ ಮಾತುಗಳಲ್ಲಿ, ಯಾವುದನ್ನೂ ಬಿಡದೆ. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಎರಡು ಸಲ ಅವು ದಾಟುವವರೆಗೂ ಮಾತು ನಿಲ್ಲಿಸಬೇಕಾಯಿತು.

ಗ್ರೆಶಮ್ ತನ್ನ ಎಡಗೈಯ ಬೆರಳುಗಳನ್ನು ನೋಡಿಕೊಂಡ. "ನೀವು ಬೆಳಿಗ್ಗೆ ಬರದೇ ಇದ್ದಿದ್ರೆ ನಾನು ಡಾಕ್ಟರ್‌ಗೆ ಹೇಳ್ತಿರ್ಲಿಲ್ಲ," ಎಂದ.

"ಗೊತ್ತು."

"ಇಲ್ಲ ಸರ್, ನಿಮಗೆ ಗೊತ್ತಿಲ್ಲ. ಯಾವತ್ತೂ ಹೇಳ್ತಿರ್ಲಿಲ್ಲ. ಇಡೀ ಕೈ ಹೋಗಿದ್ರೂ ಹೇಳ್ತಿರ್ಲಿಲ್ಲ." ಅವನು ತಲೆಯೆತ್ತಿದ. "ನಿಮಗೆ ನಾನೇನು ಅನ್ಲಿ? ಥ್ಯಾಂಕ್ಸ್ ಅನ್ಲಾ? ಹೊಡೀಲಾ?"

"ಹೊಡಿ ಬೇಕಾದ್ರೆ," ಎಂದ ಲೆನ್. ಅವನು ನಿಜಕ್ಕೂ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. ಗ್ರೆಶಮ್ ಅದನ್ನು ನೋಡಿ ತಲೆಯಾಡಿಸಿದ. ಎದ್ದು ಕಾರಿನ ಮುಂಭಾಗಕ್ಕೆ ಹೋಗಿ, ಜೇಬಿನಿಂದ ಫೋನು ತೆಗೆದು, ಬೆಳಿಗ್ಗೆಯಿಂದ ಆಫ್ ಮಾಡಿಟ್ಟಿದ್ದ ಅದನ್ನು ಆನ್ ಮಾಡಿ ಬಾನೆಟ್ಟಿನ ಮೇಲಿಟ್ಟ. ಅಮ್ಮನಿಗೆ ಮಾಡಬೇಕು ಎಂದ. ಮಾಡಲಿಲ್ಲ. ಇಬ್ಬರೂ ಕಾರಿಗೆ ಒರಗಿ ನಿಂತರು.

ನಾಲ್ಕು ಗಂಟೆ ದಾಟಿ ಒಂದು ನಿಮಿಷಕ್ಕೆ ಫೋನು ಒಮ್ಮೆ ಗುಂಯ್‌ಗುಟ್ಟಿತು. ಮತ್ತೊಮ್ಮೆ. ಆಮೇಲೆ ಬಿಡುವಿಲ್ಲದೆ. ಪಟ್ಟಿ ಹೊರಬಿದ್ದಿತ್ತು, ಅಲಬಾಮಾದ ಆ ಊರಿನಲ್ಲಿ ಯಾರ್‍ಯಾರೋ ಅದರಲ್ಲಿ ಅವನ ಹೆಸರು ಓದುತ್ತಿದ್ದರು. ಗ್ರೆಶಮ್ ಅತ್ತ ತಿರುಗಲಿಲ್ಲ. ಪ್ರತಿ ಸಂದೇಶಕ್ಕೂ ಫೋನು ಒಂದಿಷ್ಟು ನಡುಗಿ, ಬಿಸಿಲಿಗೆ ಕಾದ ತಗಡಿನ ಇಳಿಜಾರಿನಲ್ಲಿ ಒಂದೊಂದೇ ಕೂದಲೆಳೆಯಷ್ಟು ಜಾರುತ್ತ ಅಂಚಿಗೆ ಬಂತು. ಲೆನ್ ಕೈ ಚಾಚಿ ಅದು ಬೀಳದಂತೆ ತಡೆದು ಹಿಡಿದುಕೊಂಡ. ಅದು ಅವನ ಅಂಗೈಯಲ್ಲಿ ನಡುಗುತ್ತಲೇ ಇತ್ತು.