ಆಗ್ಲಿ ಸಾಹೇಬರ ಎರಡು ಪೆನ್ನು

ಮಗಳು ಮೇಜಿನ ಮೂರನೇ ಡ್ರಾಯರನ್ನೂ ಎಳೆದು ನೆಲಕ್ಕೆ ಸುರಿದಳು. ರಬ್ಬರ್ ಸ್ಟ್ಯಾಂಪು, ಮಾತ್ರೆಯ ಚೀಟಿ, ವಿಧಾನಸಭೆಯ ಹಳೇ ಪಾಸು, ಕೊನೆಗೆ ಎರಡು ಪೆನ್ನು.

ಹೊರಗೆ ವರಾಂಡದಲ್ಲಿ, ತೀರಿಕೊಂಡ ಅಪ್ಪನನ್ನು ಮಲಗಿಸಿದ್ದರು. ಐದು ಬಾರಿ ಶಾಸಕ, ಒಂದು ಸಲವೂ ಮಂತ್ರಿಯಲ್ಲ. ಯಾರು ಏನು ಕೇಳಿಕೊಂಡು ಬಂದರೂ "ಆಗ್ಲಿ" ಎಂದು ಶಿಫಾರಸು ಪತ್ರ ಬರೆದುಕೊಟ್ಟು ಕಳಿಸುತ್ತಿದ್ದ ಮನುಷ್ಯ; ಕ್ಷೇತ್ರದ ತುಂಬ ಆಗ್ಲಿ ಸಾಹೇಬರೆಂದೇ ಹೆಸರು. ಜೇಬಿನಲ್ಲಿ ಪೆನ್ನಿಲ್ಲದೆ ಅವರನ್ನು ಕಳಿಸಿಕೊಡಲು ಅಮ್ಮ ಸುತರಾಂ ಒಪ್ಪಿರಲಿಲ್ಲ.

"ನೀಲಿನೋ ಹಸಿರೋ?" ಎಂದರು ಬಾಗಿಲಲ್ಲಿ ನಿಂತಿದ್ದ ಪಿ.ಎ. ಮೂವತ್ತು ವರ್ಷ ಅಪ್ಪನ ಬೆನ್ನಿಗಿದ್ದವರು.

"ಯಾವುದಾದ್ರೇನು ಮಾಮ?"

"ಹಾಗಲ್ಲಮ್ಮ. ಹಸಿರನ್ನ ಅವರು ಸುಮ್‌ಸುಮ್ನೆ ತೆಗೀತಿರಲಿಲ್ಲ," ಎಂದವರೇ ನಾಲಿಗೆ ಕಚ್ಚಿಕೊಂಡರು.

ಅವಳ ಕೈ ನೀಲಿ ಪೆನ್ನಿನ ಮೇಲೇ ನಿಂತಿತು.

*

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಅಮ್ಮ ಪಟ್ಟು ಹಿಡಿದು ನಿಂತಿದ್ದಳು. "ಊರಿಗೆಲ್ಲ ಬರ್ಕೊಡ್ತೀರಿ, ಹೆತ್ತ ಮಗಳಿಗೆ ಮಾತ್ರ ಕೈ ಬರಲ್ವಾ?" ನೀರು ಸರಬರಾಜು ಇಲಾಖೆಯ ಎಂಜಿನಿಯರ್ ಕೆಲಸಕ್ಕೆ ಮಾರನೇ ದಿನ ಮಗಳ ಸಂದರ್ಶನವಿತ್ತು. "ಬೇಡಪ್ಪ," ಎಂದು ಅವಳು ಗೋಗರೆದಳು. ಅಪ್ಪ ಇಬ್ಬರ ಮುಖವನ್ನೂ ನೋಡಿ, "ಆಗ್ಲಿ" ಎಂದು ಬರೆದರು.

ಕೆಲಸ ಸಿಕ್ಕಿತು. ಮೊದಲ ದಿನವೇ ಗುಮಾಸ್ತ ಅವಳ ಫೈಲು ಬಿಡಿಸಿದ. ಎಲ್ಲದರ ಮೇಲೆ ಆ ಪತ್ರ, ಕೆಳಗೆ ಅಪ್ಪನ ದಪ್ಪ ನೀಲಿ ಸಹಿ. "ಓಹೋ, ಶಾಸಕರ ಮಗಳಾ!" ಎಂದು ನಕ್ಕ. ಆ ನಗು ಅವಳನ್ನು ಬಿಡಲೇ ಇಲ್ಲ. ಅಪ್ಪನ ಕ್ಷೇತ್ರದಿಂದ ದೂರಕ್ಕೆ ವರ್ಗ ಮಾಡಿಸಿಕೊಂಡಳು. ಬಡ್ತಿ ಬಂದಾಗಲೆಲ್ಲ ಯಾರದೋ ಪಾಲನ್ನು ಕಿತ್ತುಕೊಂಡೆನೇನೋ ಎಂದು ಒದ್ದಾಡಿದಳು. ಕೈಕೆಳಗಿನವರಿಗೆ ಜೋರಾಗಿ ಒಂದು ಮಾತು ಹೇಳಲೂ ಬಾಯಿ ಬರುತ್ತಿರಲಿಲ್ಲ. ಅಪ್ಪನ ಮೇಲೆ ಅವಳಿಗೆ ಸಿಟ್ಟಿತ್ತು, ಮಾತು ಬಿಡುವಷ್ಟು ಸಿಟ್ಟು.

*

"ಮಾಮ, ನೀಲಿ ಅಂದ್ರೆ ಏನು?"

ಪಿ.ಎ. ಬಾಗಿಲು ಮುಂದೆ ಮಾಡಿದರು. "ಹಸಿರು ಸಹಿ ಇದ್ರೆ, ದಯವಿಟ್ಟು ಮಾಡಿಕೊಡಿ ಅಂತ. ಆಸ್ಪತ್ರೇಲಿ ಹಾಸಿಗೆ, ವಿಧವಾ ಪಿಂಚಣಿ, ಅಂಥದ್ದಕ್ಕೆ. ನೀಲಿ ಇದ್ರೆ, ನನ್ನ ಪತ್ರ ಪಕ್ಕಕ್ಕಿಡಿ, ಯೋಗ್ಯತೆ ನೋಡಿ ಅಂತ. ಮೇಲಧಿಕಾರಿಗಳಿಗೆಲ್ಲ ಗೊತ್ತಿತ್ತು."

"ನಂದು ನೀಲಿ."

"ಗೊತ್ತಮ್ಮ. ತಗೊಂಡು ಹೋಗಿದ್ದೇ ನಾನು. ಅಧಿಕಾರಿ ಸಹಿ ನೋಡಿ, ಫೈಲಿಗೆ ಹಾಕಿ ಅಂದ್ರು, ಅಷ್ಟೆ. ಅಂಕದಲ್ಲಿ ನೀನು ಎರಡನೆಯವಳು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಅಮ್ಮಂಗೆ ತಿಳಿಯುತ್ತೆ ಅಂತ ಅವರಿಗೆ ಹೆದರಿಕೆ."

"ತಿಳೀತು," ಎಂದಳು ಅಮ್ಮ. ಯಾವಾಗ ಒಳಗೆ ಬಂದಿದ್ದಳೋ! "ನನ್ನ ಕಣ್ಣೆದುರೇ ಬರೆದು ನಂಗೇ ಟೋಪಿ ಹಾಕಿದ್ರಲ್ಲ! ಇಷ್ಟು ವರ್ಷ ಬೀಗ್ತಿದ್ದೆ ನಾನು, ನನ್ನಿಂದಲೇ ಕೆಲಸ ಆಯ್ತು ಅಂತ." ಬೈಯುತ್ತಲೇ ಎರಡೂ ಪೆನ್ನು ಎತ್ತಿಕೊಂಡಳು. "ಎರಡೂ ಇರ್ಲಿ. ಅಲ್ಲಿ ಯಾರ್ಯಾರು ಏನೇನು ಕೇಳ್ತಾರೋ."

ಮಗಳು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಇದ್ದಾಗ ಒಂದು ಮಾತು ಕೇಳಲಿಲ್ಲವಲ್ಲ ಎಂದು ಸಂಕಟ. ಅದಕ್ಕಿಂತ ಹೆಚ್ಚಾಗಿ, ಕೆಲಸ ತನ್ನ ಯೋಗ್ಯತೆಗೇ ಸಿಕ್ಕಿದ್ದೆಂಬ ನಿರಾಳ.

ಹೊರಡುವ ಹೊತ್ತಿಗೆ ಬೀದಿಯಲ್ಲಿ ಗಲಾಟೆ ಎದ್ದಿತು. ಅಪ್ಪನನ್ನು ಏರಿಸಿಕೊಂಡ ಲಾರಿ ಹಿಂದಕ್ಕೆ ಸರಿಯುವಾಗ ಚಕ್ರದಡಿ ಪೈಪು ಒಡೆದು ನೀರು ಆಳೆತ್ತರ ಚಿಮ್ಮಿತು. ಮುಖಂಡರು ಚಪ್ಪಲಿ ಕೈಲಿ ಹಿಡಿದು ಓಡಿದರು. ಗುಂಪಿನಲ್ಲಿದ್ದ ನೀರು ಬಿಡುವವನು ತನ್ನ ಸೈಕಲ್ಲಿನಿಂದ ವಾಲ್ವ್ ತಿರುಗಿಸುವ ಉದ್ದನೆಯ ಕೀಲಿ ತಂದು ದಿಕ್ಕು ತೋಚದೆ ನಿಂತಿದ್ದ. ಅವಳು ಅದನ್ನು ಇಸಿದುಕೊಂಡಳು.

"ನಿಮ್ಮ ಕಾರು ವಾಲ್ವ್ ಮೇಲೆ ನಿಂತಿದೆ, ತೆಗೀರಿ," ಎಂದು ಪಕ್ಷದ ಅಧ್ಯಕ್ಷರಿಗೆ ಕೂಗಿ ಹೇಳಿದಳು.

"ತಾಳಮ್ಮ, ನೀರಿನವರಿಗೆ ಫೋನ್ ಮಾಡಿದೀವಿ."

"ನೀರಿನವಳು ನಾನೇ. ಎಂಜಿನಿಯರ್. ಈಗ್ಲೇ ತೆಗೀರಿ."

ಕಾರು ಸರಿಯಿತು. ಅವಳು ಒದ್ದೆ ರಸ್ತೆಯಲ್ಲಿ ಮಂಡಿಯೂರಿ ಕೀಲಿ ತಿರುಗಿಸಿದಳು. ನೀರು ಎದೆಮಟ್ಟಕ್ಕೆ, ಆಮೇಲೆ ಮೊಣಕಾಲಿಗೆ ಇಳಿದು ನಿಂತಿತು. ಅವಳು ಎದ್ದು ರಸ್ತೆಯ ನಡುವೆ ನಿಂತಳು, ಜನರನ್ನು ಎರಡೂ ಪಕ್ಕಕ್ಕೆ ಸರಿಸಿದಳು, ಕೆಸರು ಮೆತ್ತಿದ ಕೈ ಎತ್ತಿ ಅಪ್ಪನ ಲಾರಿಗೆ "ಬನ್ನಿ, ಬನ್ನಿ" ಎಂದು ಬೀಸಿದಳು.