ದವಡೆ ಸಂದಿನ ಗುಳಿಗೆ

“ನಾಲಗೆ ಎತ್ತು. ಇನ್ನೂ ಎತ್ತೇ! ಮನೇಲಿ ಗಂಡನ ಮುಂದೆ ಮಾರುದ್ದ ಚಾಚ್ತೀಯಲ್ಲ, ಇಲ್ಲಿ ಎತ್ತೋಕೆ ಏನು ದಾಡಿ ನಿಂಗೆ?”

ಕಂಪೌಂಡರ್ ನನ್ನ ಬಾಯೊಳಗೆ ಟಾರ್ಚ್ ಬಿಟ್ಟಿದ್ದ. ಕಾರ್ಖಾನೆಯೊಳಗಿನ ಔಷಧಿ ಅಂಗಡಿಯ ಕಿಟಕಿ ಎದೆಮಟ್ಟಕ್ಕಿದೆ. ಗುಳಿಗೆ ಬೇಕಾದವರು ಬೆನ್ನು ಬಗ್ಗಿಸಿ ಅದರೊಳಗೆ ತಲೆ ತೂರಿಸಬೇಕು, ಅವನ ಕಣ್ಣೆದುರೇ ನುಂಗಬೇಕು, ಆಮೇಲೆ ಬಾಯಿ ತೆರೆದು ತೋರಿಸಬೇಕು. ಕೆಲಸದವರು ಗುಳಿಗೆಗಳನ್ನು ಮನೆಗೆ ಸಾಗಿಸುತ್ತಾರೆ ಎಂದು ಯಾರೋ ಚಾಡಿ ಹೇಳಿದ ಮೇಲೆ ಬಂದ ನಿಯಮ ಇದು. ಕಂಪನಿಯ ಔಷಧಿ ಕಂಪನಿಗೆ ದುಡಿಯುವ ಹೊಟ್ಟೆಗೇ ಹೋಗಬೇಕಂತೆ.

ಮರದ ಕಡ್ಡಿಯಿಂದ ನನ್ನ ಕೆನ್ನೆಯನ್ನು ಆ ಕಡೆ ಈ ಕಡೆ ಎಳೆದು ನೋಡಿದ. “ಥೂ, ಹಲ್ಲಾದ್ರೂ ಉಜ್ಜಿ ಬಂದು ಸಾಯ್ರೇ. ನಡಿ. ಮುಂದಿನ್ದು!”

ಮುಂದಿನದು ಎಂದರೆ ನನ್ನ ಹಿಂದೆ ನಿಂತಿದ್ದ ಹೆಂಗಸು. ನಮ್ಮನ್ನು ಅವನು ಯಾವತ್ತೂ ‘ಅವಳು’ ಎಂದವನಲ್ಲ. ಅವನಿಗೆ ನಾವೆಲ್ಲ ‘ಅದು’.

ತುಟಿ ಬಿಗಿದುಕೊಂಡು ಕಕ್ಕಸಿನ ಕಡೆ ನಡೆದೆ. ಓಡುವಂತಿಲ್ಲ, ಓಡಿದರೆ ಅನುಮಾನ. ನಿಧಾನವಾಗಿ ಹೋಗುವಂತೆಯೂ ಇಲ್ಲ, ಗುಳಿಗೆ ಕರಗುತ್ತದೆ. ನನ್ನ ಮೇಲಿನ ದವಡೆಯ ಕೊನೆಯಲ್ಲಿ ಹಲ್ಲು ಕಿತ್ತ ಸಂದೊಂದಿದೆ. ಹಲ್ಲು ಕೀಳಿಸಿದ ದಿನ ಮಕ್ಕಳ ಹಾಗೆ ಅತ್ತಿದ್ದೆ. ಈಗ ನಮ್ಮ ಸಂಸಾರ ನಿಂತಿದ್ದೇ ಆ ಸಂದಿನ ಮೇಲೆ. ಬಾಗಿಲು ಹಾಕಿಕೊಂಡು ಗುಳಿಗೆಯನ್ನು ಅಂಗೈಗೆ ಉಗಿದೆ. ಅರ್ಧ ಬಿಳಿ, ಅರ್ಧ ನೀಲಿ. ಎಂಜಲಿಗೆ ನೆನೆದು ಮೆತ್ತಗಾಗಿತ್ತು, ಒಡೆದಿರಲಿಲ್ಲ. ಪ್ಲಾಸ್ಟಿಕ್ಕಿನ ತುಂಡಿನಲ್ಲಿ ಸುತ್ತಿ ಎದೆಯ ಹತ್ತಿರ ಸಿಕ್ಕಿಸಿಕೊಂಡು ಹೋಗಿ ಮೆಷಿನ್ನಿನ ಮುಂದೆ ಕೂತೆ.

ಕಾರಿನ ಸೀಟು ಹೊಲಿಯುವುದು ನಮ್ಮ ಕೆಲಸ. ಒಂದು ಕಡೆ ಸ್ಪಂಜು ಕೊಯ್ಯುತ್ತಾರೆ, ಇನ್ನೊಂದು ಕಡೆ ಅಂಟು ಸಿಂಪಡಿಸುತ್ತಾರೆ, ನಡುವೆ ನಾವು. ಸ್ಪಂಜಿನ ಪುಡಿ ಕಣ್ಣಿನ ರೆಪ್ಪೆಯ ಮೇಲೆ ಕೂರುತ್ತದೆ. ಸಂಜೆ ಮೂಗು ಸೀಟಿದರೆ ಅವತ್ತು ಯಾವ ಬಣ್ಣದ ಸೀಟು ಹೊಲಿದೆವೆಂದು ಹೇಳಬಹುದು.

ಗುಳಿಗೆ ನನ್ನ ಗಂಡನಿಗೆ. ಅವನು ಇದೇ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದಲ್ಲಿದ್ದ. ಬಣ್ಣ ಬಳಿದ ಕಾರನ್ನು ಅವನು ಉಜ್ಜಿದರೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅದಕ್ಕೇ ಎಲ್ಲರೂ ಅವನನ್ನು ಕನ್ನಡಿ ಎಂದು ಕರೆಯುತ್ತಿದ್ದರು. ಕನ್ನಡಿಗೆ ಉಸಿರು ಕಟ್ಟತೊಡಗಿತು. ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಹಿಡಿಯುವಂತಾಯಿತು. ಕೆಲಸದವರ ಯೋಗಕ್ಷೇಮ ನೋಡಬೇಕಾದ ವೆಲ್ಫೇರ್ ಸಾಹೇಬ ಅವನನ್ನು ಕರೆಸಿ, “ಬೀಡಿ ಸೇದಿ ಸೇದಿ ಎದೆ ಸುಟ್ಕೊಂಡು ಕಂಪನಿ ತಲೆಗೆ ಕಟ್ಟೋಕೆ ಬರ್ತೀಯೇನೋ?” ಎಂದು ಬೈದು ಗೇಟಿನ ಹೊರಗೆ ಬಿಟ್ಟ. ನನ್ನ ಗಂಡ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಗೇಟು ದಾಟಿದ ಮೇಲೆ ಕಂಪನಿಯ ಔಷಧಿಯೂ ಇಲ್ಲ, ಹೊರಗಿನ ಅಂಗಡಿಯದು ನಮ್ಮ ಕೈಗೆ ಎಟಕುವುದಲ್ಲ. ನಾವಿದ್ದ ಕೋಣೆ ಕೂಡ ಕಂಪನಿಯದೇ. ನನ್ನ ಕೆಲಸ ಇರುವುದರಿಂದ ಅದೊಂದು ಉಳಿದಿತ್ತು.

ಅವತ್ತು ಸಂಜೆ ಮನೆಗೆ ಹೋದಾಗ ಅವನು ಮಂಚದ ಮೇಲೆ ಮಡಿಸಿದ ಹಾಸಿಗೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ನಿಲ್ಲುತ್ತದೆಂದು ಕೂತೇ ಇರುತ್ತಾನೆ.

“ಬಾಯಿ ತೆಗಿ” ಎಂದೆ, ಕಂಪೌಂಡರನ ಧಾಟಿಯಲ್ಲಿ.

ನಗು ಬಂತು ಅವನಿಗೆ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಗುಳಿಗೆ ನುಂಗಿ, “ಔಷಧಿಗಿಂತ ನಿನ್ನ ಎಂಜಲೇ ಜಾಸ್ತಿ ಕಣೇ ಇದ್ರಲ್ಲಿ” ಎಂದ.

“ಸುಮ್ನಿರಯ್ಯ. ಕಕ್ಕಸಲ್ಲಿ ಕೂತು ತಂದಿರೋದು ಗೊತ್ತಾದ್ರೆ ನುಂಗಿದ್ದನ್ನೂ ಉಗೀತೀಯ.”

ಈ ಗುಳಿಗೆ ಸಿಗಲು ನನಗೆ ಉಸಿರಿನ ಕಾಯಿಲೆ ಇರಬೇಕಿತ್ತು. ಅದನ್ನು ಅವನೇ ನನಗೆ ಕಲಿಸಿದ. “ಭುಜ ಮೇಲೆತ್ತು. ಮಾತು ಪೂರ್ತಿ ಆಡ್ಬೇಡ, ಅರ್ಧಕ್ಕೆ ನಿಲ್ಸು. ಅಯ್ಯೋ, ಹಾಗಲ್ವೇ, ಅದು ನೆಗಡಿ ಕೆಮ್ಮು! ಹೊಟ್ಟೆಯಿಂದ ಕೆಮ್ಮು.” ಒಂದು ಭಾನುವಾರವೆಲ್ಲ ಇಬ್ಬರೂ ಕೆಮ್ಮಿ ಕೆಮ್ಮಿ ಬಿದ್ದು ಬಿದ್ದು ನಕ್ಕಿದ್ದೆವು. ಕಾರ್ಖಾನೆಗೆ ಬರುವ ಡಾಕ್ಟರ್ ನನ್ನ ಎದೆ ಕೂಡ ಮುಟ್ಟಿ ನೋಡಲಿಲ್ಲ. ಕೆಮ್ಮು ಕೇಳಿಸಿಕೊಂಡೇ ಬರೆದುಕೊಟ್ಟ. ನಮ್ಮ ಮೆಷಿನ್ನು ಓಡುತ್ತಿರುವವರೆಗೆ ಯಾರೂ ನಮ್ಮ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

“ನಿದ್ದೇಲೂ ಕೆಮ್ತೀಯಲ್ಲೇ ಈಗ” ಎಂದ ಅವನು ಅವತ್ತು ಗುಳಿಗೆ ನುಂಗಿದ ಮೇಲೆ. “ನನ್ನನ್ನೇ ಮೀರಿಸ್ಬಿಟ್ಟೆ.”

“ಗುರು ಸರಿ ಇದ್ರೆ ಹಾಗೇ” ಎಂದು ಪಾತ್ರೆ ತೊಳೆಯಲು ಹೋದೆ.

ಮರುದಿನ ಸಿಕ್ಕಿಬಿದ್ದೆ.

ಕಂಪೌಂಡರ್ ಟಾರ್ಚ್ ಬಿಟ್ಟು, ಕಡ್ಡಿ ಆಡಿಸಿ, ನಡಿ ಎನ್ನಬೇಕು. ಅಷ್ಟರಲ್ಲಿ ಕೆಮ್ಮು ಬಂತು. ನಾನು ಕರೆದದ್ದಲ್ಲ, ತಾನಾಗಿ ಬಂದದ್ದು. ತಡೆಯಲು ನೋಡಿದೆ, ಕಣ್ಣಲ್ಲಿ ನೀರು ತುಂಬಿತು. ಎರಡನೆಯ ಕೆಮ್ಮಿಗೆ ಗುಳಿಗೆ ಸಂದಿನಿಂದ ಹಾರಿ ಅವನ ಗಾಜಿನ ಹಲಗೆಯ ಮೇಲೆ ಬಿತ್ತು.

ಅವನು ಕಿಟಕಿಯಿಂದಲೇ ನನ್ನ ಜಡೆಗೆ ಕೈ ಹಾಕಿದ. “ಕಳ್ಳ ಮುಂಡೆ! ಇಷ್ಟು ದಿನ ನನ್ನ ಕಣ್ಣಿಗೇ ಮಣ್ಣು ಎರಚ್ತಿದ್ಯಾ?”

ಸಾಲಿನಲ್ಲಿ ನನ್ನ ಹಿಂದೆ, ನಾವೆಲ್ಲ ಬಾಯಿಬಡುಕಿ ಎಂದು ಕರೆಯುವವಳು ಇದ್ದಳು. ಪಕ್ಕದ ಮೆಷಿನ್ನಿನವಳು. ಹೊಲಿಗೆಯ ಗದ್ದಲದಲ್ಲೂ ಅವಳ ಮಾತು ಆಚೆ ಗೋಡೆಗೆ ಕೇಳುತ್ತದೆ. “ಕೂದ್ಲು ಬಿಡೋ ಬೇವರ್ಸಿ! ನಿನ್ನ ಹೆಂಡ್ತಿ ಅಂದ್ಕೊಂಡ್ಯಾ?” ಎಂದು ಅವನ ಕೈಗೆ ಬಾರಿಸಿದಳು. ಅವನು ಕೂದಲು ಬಿಟ್ಟ, ನನ್ನನ್ನು ಬಿಡಲಿಲ್ಲ. ಹಿಂದಿನ ಬಾಗಿಲಿನಿಂದ ಬಂದು ತೋಳು ಹಿಡಿದು ಪಕ್ಕದಲ್ಲೇ ಇದ್ದ ವೆಲ್ಫೇರ್ ಕೋಣೆಗೆ ಎಳೆದುಕೊಂಡು ಹೋದ.

ವೆಲ್ಫೇರ್ ಸಾಹೇಬ ಕೂಗಾಡುವವನಲ್ಲ. ನಗುನಗುತ್ತಲೇ ಕತ್ತು ಕೊಯ್ಯುತ್ತಾನೆ.

“ನೋಡಮ್ಮ, ಎರಡ್ರಲ್ಲಿ ಒಂದು ಹೇಳು. ನಿಂಗೆ ನಿಜವಾಗ್ಲೂ ಉಸಿರಿನ ಕಾಯಿಲೆ ಇದ್ರೆ ಇವತ್ತೇ ಮನೆಗೆ. ರೋಗಿಷ್ಠರನ್ನ ಇಟ್ಕೊಳ್ಳೋಕೆ ಇದು ಆಸ್ಪತ್ರೆ ಅಲ್ಲ. ಕಾಯಿಲೆ ಇಲ್ಲ, ಗಂಡನಿಗೋಸ್ಕರ ಕದ್ದೆ ಅಂದ್ರೆ ತಪ್ಪಾಯ್ತು ಅಂತ ಕೇಳ್ಕೊಂಡು ಮೆಷಿನ್ ಮೇಲೆ ಹೋಗಿ ಕೂತ್ಕೋ. ನಿನ್ನಷ್ಟು ಬೇಗ ಹೊಲಿಯೋರು ಇಲ್ಲ ಅಂತ ಮೇಸ್ತ್ರಿ ಹೇಳ್ತಾನೆ. ಅದಕ್ಕೇ ಇಷ್ಟು ತಾಳ್ಮೆ ನಂಗೆ.”

ಗುಳಿಗೆ ಅಂತೂ ಹೋಯಿತು. ಕೆಲಸವೂ ಹೋದರೆ ಕೋಣೆ ಹೋಗುತ್ತದೆ, ಕೂತಲ್ಲೇ ಕೂತಿರುವ ಗಂಡನನ್ನು ಎತ್ತಿಕೊಂಡು ನಾನು ಯಾವ ಬೀದಿಗೆ ಹೋಗಲಿ? ಯೋಚಿಸಲಿಲ್ಲ. ಸಾಹೇಬನ ಬೂಟಿನ ಮೇಲೆ ಬಿದ್ದೆ.

“ಕದ್ದೆ ಸಾರ್. ತಪ್ಪಾಯ್ತು. ನಂಗೇನೂ ಇಲ್ಲ, ಗಟ್ಟಿಮುಟ್ಟಾಗಿದ್ದೀನಿ. ಕೆಮ್ಮಿದ್ದೆಲ್ಲ ನಾಟ್ಕ. ನನ್ನ ಗಂಡನೇ ಹೇಳ್ಕೊಟ್ಟಿದ್ದು.”

“ಏಳು, ಏಳು. ಈಗೇನೋ ಹೀಗಂತೀಯ, ನಾಳೆ ಕಂಪನಿಯಿಂದ ಕಾಯಿಲೆ ಬಂತು ಅಂದ್ರೆ?” ಕಂಪೌಂಡರನ ಕಡೆ ತಿರುಗಿದ. “ಆ ಊದೋದು ತಗೊಂಬಾ.”

ಅವನು ಉಸಿರಿನ ಬಲ ಅಳೆಯುವ ಗೇಣುದ್ದದ ಬಿಳಿ ಕೊಳವೆಯೊಂದನ್ನು ತಂದ. ಬಾಯಿಗಿಟ್ಟು ಜೋರಾಗಿ ಊದಿದರೆ ಅದರ ಮೇಲಿನ ಮುಳ್ಳು ಸರಿಯುತ್ತದೆ. ಕೆಳಗೆ ಕೆಂಪು, ನಡುವೆ ಹಳದಿ, ತುದಿಯಲ್ಲಿ ಹಸಿರು.

“ಹಸಿರಿಗೆ ಬಂದ್ರೆ ಹೋಗಿ ಕೆಲ್ಸ ಮಾಡು” ಎಂದ ಸಾಹೇಬ.

ನನಗೆ ಎಷ್ಟು ಸಮಾಧಾನವಾಯಿತೆಂದರೆ ನಗುವೇ ಬಂದುಬಿಟ್ಟಿತು. ಇಷ್ಟೇ ತಾನೆ! ಎದೆ ತುಂಬ ಉಸಿರೆಳೆದು ಊದಿದೆ. ಮುಳ್ಳು ಕೆಂಪಿನಲ್ಲೇ ನಿಂತಿತು.

“ಸರಿಯಾಗಿ ಊದು” ಎಂದು ಕಂಪೌಂಡರ್ ಮುಳ್ಳನ್ನು ಕೆಳಕ್ಕೆ ತಳ್ಳಿ ಕೊಟ್ಟ.

ಕಾಲು ಊರಿಕೊಂಡು, ಕಣ್ಣು ಮುಚ್ಚಿಕೊಂಡು ಊದಿದೆ. ಕಿವಿ ಗುಂಯ್‌ಗುಟ್ಟಿತು. ಕಣ್ಣು ಬಿಟ್ಟರೆ ಮುಳ್ಳು ಅಲ್ಲೇ ಇತ್ತು. ಮೂರನೆಯ ಸಲ ಅಷ್ಟೂ ದೂರ ಹೋಗಲಿಲ್ಲ. ಮೇಜು ಹಿಡಿದುಕೊಂಡು ಕೆಮ್ಮಿದೆ, ಹೊಟ್ಟೆಯಿಂದ, ಅವನು ಹೇಳಿಕೊಟ್ಟ ಹಾಗೆಯೇ. ಯಾರೂ ಹೇಳಿಕೊಡದಿದ್ದರೂ ಅದು ಹಾಗೆಯೇ ಬರುತ್ತಿತ್ತು. ನನಗೂ ಬೇಕಾಗಿದ್ದ ಗುಳಿಗೆಯನ್ನು ನಾನು ದಿನಾ ಉಗಿದು ಮನೆಗೆ ಒಯ್ಯುತ್ತಿದ್ದೆ.

“ಛೆ” ಎಂದ ಸಾಹೇಬ. “ಗಂಡನಿಂದ ಅಂಟಿದೆ ನೋಡು. ನಾಡಿದ್ದು ಕೋಣೆ ಬೀಗದ್ಕೈ ಕೊಟ್ಬಿಡಿ.”

“ಅವನಿಗೆ ಬೀಡಿಯಿಂದ ಬಂತು ಅಂದ್ರಲ್ಲ ಸಾರ್?”

“ಏನು?”

“ಬೀಡಿ ರೋಗ ಅಂಟುತ್ತೇನ್ರೀ? ಅವನು ಸೇದದೇ ಇರೋ ಬೀಡಿ ಹೊಗೆ ನನ್ನ ಎದೆಗೆ ಹೆಂಗ್ರೀ ಬಂತು?”

ಸಾಹೇಬ ನಗುವುದನ್ನು ನಿಲ್ಲಿಸಿದ. “ಇದನ್ನ ಹೊರಗೆ ಹಾಕು” ಎಂದ ಕಂಪೌಂಡರನಿಗೆ.

ನಾನೇ ಹೊರಗೆ ಹೋದೆ. ಕೊಳವೆ ನನ್ನ ಕೈಯಲ್ಲೇ ಇತ್ತು. ಸಾಲು ಇನ್ನೂ ಕರಗಿರಲಿಲ್ಲ. ಮುಳ್ಳನ್ನು ಬೆರಳಿನಿಂದ ಕೆಳಕ್ಕೆ ತಳ್ಳಿ, ಕೊಳವೆಯ ಬಾಯಿ ಒರೆಸಿ, ಬಾಯಿಬಡುಕಿಗೆ ಕೊಟ್ಟೆ.

“ಊದು.”

“ಏನೇ ಇದು?”

“ಊದೇ ನಮ್ಮವ್ವ. ಹಸಿರಿಗೆ ಬರ್ಬೇಕು.”

ಕಾರ್ಖಾನೆಯೆಲ್ಲ ಕೇಳುವಂತೆ ಕೂಗುವವಳು ಕೆನ್ನೆ ಉಬ್ಬಿಸಿ ಊದಿದಳು. ಕೆಂಪು. ಅವಳು ಮುಳ್ಳನ್ನೇ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಹಿಂದಿನವಳು ಕೈಯಿಂದ ಕಿತ್ತುಕೊಂಡು ಊದಿದಳು. ಕೆಂಪು. ಅವಳ ಹಿಂದಿನವಳು ಹಳದಿಯ ಅಂಚಿಗೆ ಮುಟ್ಟಿದಳು. ಕೊಳವೆ ಕಸಿದುಕೊಳ್ಳಲು ಬಂದ ಕಂಪೌಂಡರನನ್ನು ಬಾಯಿಬಡುಕಿ ಎರಡೂ ಕೈಯಿಂದ ಗೋಡೆಗೆ ದಬ್ಬಿ, “ನೀನೂ ಊದೋ ಬೋಳಿಮಗನೇ, ಬಾ!” ಎಂದಳು. ಅವನು ತುಟಿ ಬಿಗಿದು ಮುಖ ಆ ಕಡೆ ತಿರುಗಿಸಿದ.

ಸಾಲಿನ ಕೊನೆಯಲ್ಲಿ ಹೊಸ ಹುಡುಗಿ. ಕೆಲಸಕ್ಕೆ ಸೇರಿ ವಾರವಾಗಿತ್ತೇನೋ. ತಲೆನೋವಿನ ಗುಳಿಗೆಗೆ ಬಂದವಳು ಹೆದರಿಕೊಂಡೇ ಊದಿದಳು. ಮುಳ್ಳು ಹಸಿರಿನ ತುದಿಗೆ ಹೋಗಿ ಬಡಿಯಿತು.

ಎಲ್ಲರೂ ಅವಳನ್ನೇ ನೋಡಿದರು.

“ಯಾಕ್ರಕ್ಕ? ನಂಗೇನಾದ್ರೂ ಆಗಿದ್ಯಾ?” ಎಂದಳು.

ಗಂಟೆ ಹೊಡೆಯಿತು. ಬಿಡುವು ಮುಗಿಯಿತು. ಮೇಸ್ತ್ರಿ ಒಳಗಿಂದ ನಮ್ಮ ಅವ್ವಂದಿರನ್ನೆಲ್ಲ ಎಳೆದು ಬೈಯತೊಡಗಿದ. ಬಾಯಿಬಡುಕಿ ನೆಲದ ಮೇಲೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಹೊಸ ಹುಡುಗಿ ನಮ್ಮನ್ನೊಮ್ಮೆ ಮೇಸ್ತ್ರಿಯನ್ನೊಮ್ಮೆ ನೋಡಿ ಒಳಗೆ ಓಡಿದಳು. ಅವಳೊಬ್ಬಳ ಮೆಷಿನ್ನು ಸದ್ದು ಮಾಡತೊಡಗಿತು.

ನಾನು ಒಳಗೆ ಹೋಗಿ ಅವಳ ಮೆಷಿನ್ನಿನ ಸ್ವಿಚ್ಚು ಆರಿಸಿದೆ. ಅವಳು ಹಾಕಿದಳು. ಮತ್ತೆ ಆರಿಸಿ, ಅದರ ಮೇಲೆ ಅಂಗೈ ಒತ್ತಿಕೊಂಡು ನಿಂತೆ.

“ಕೈ ತೆಗೀರಿ ಅಕ್ಕ” ಎಂದು ಅಳತೊಡಗಿದಳು. “ಮನೇಲಿ ದುಡಿಯೋಳು ನಾನೊಬ್ಳೇ. ನಿಮ್ಮ ಕಾಲಿಗೆ ಬೀಳ್ತೀನಿ, ತೆಗೀರಿ.”

ಅವಳ ರೆಪ್ಪೆಯ ಮೇಲೆ ಆಗಲೇ ಸ್ಪಂಜಿನ ಪುಡಿ ಕೂತಿತ್ತು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡುತ್ತಿದ್ದಳು. ಉಗುರು ನಾಟಿ ರಕ್ತ ಬಂತು. ನಾನು ಕೈ ತೆಗೆಯಲಿಲ್ಲ.